ವಿಪ್ ಜಾರಿಯಾದ ಆಷಾಢ

ಹೋದ ಮಾಘದಲ್ಲಿ ಒಂದು ಮದುವೆ ಹೆಣ್ಣಿನ ರವಿಕೆಗಳನ್ನು ತಲುಪಿಸಲು ಮಳವಳ್ಳಿಯಿಂದಾಚೆ ಇರುವ ಒಂದು ರೆಸಾರ್ಟಿಗೆ ಹೋಗಿದ್ದೆ. ಈಗ ಉಳ್ಳವರ ಮದುವೆಗಳು ಛತ್ರ ಬಿಟ್ಟು ಇಂಥ ಜಾಗಗಳಿಗೆ ಬಂದಿವೆ. ಗೇಟಿನ ಕಾವಲಿನವರು ಹೆಸರು ಕೇಳಿ ಒಳಗೆ ಬಿಟ್ಟರು. ಈಜುಕೊಳದ ಪಕ್ಕದಲ್ಲಿ ಹಾದುಹೋಗುವಾಗ ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ಕಾಲುಗಳು ಅಲ್ಲೇ ನಿಂತುಬಿಟ್ಟವು. ಕೈಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದವಳನ್ನು ನೋಡಿ ಹೆಣ್ಣಿನ ಚಿಕ್ಕಮ್ಮ ಕರೆದಳು.

"ಯಾಕೆ ಸಸಿಕಲಕ್ಕ, ಅಲ್ಲೇ ನಿಂತ್ಬುಟ್ರಿ? ಮೊದ್ಲು ನೋಡಿದ್ರಾ ಈ ಜಾಗಾನಾ?"

"ಹೂಂ. ಒಂದ್ಸಲ ಬಂದು ಉಳ್ಕೊಂಡಿದ್ದೆ."

"ಅಯ್ಯೋ, ಪುಣ್ಯವಂತ್ರು ಬುಡಿ!"

ನಾನು ಅಲ್ಲಿ ಉಳಿದುಕೊಂಡಿದ್ದು ಕೆಲವು ವರ್ಷಗಳ ಹಿಂದಿನ ಒಂದು ಆಷಾಢದಲ್ಲಿ. ಬಾಡಿಗೆ ಕೊಟ್ಟವಳು ನಾನಲ್ಲ. ಬರುತ್ತೇನೆಂದು ಹೇಳಿದವಳೂ ನಾನಲ್ಲ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಪುರಸಭೆ ಊರು. ಹೆಸರು ಬೇಡ. ಮದ್ದೂರಿಗೂ ಮಳವಳ್ಳಿಗೂ ಬಸ್ಸು ಸಿಗುವ ಊರು ಎಂದರೆ ಸಾಕು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಹೊಲಿಗೆ ಅಂಗಡಿ. ನನ್ನ ಗಂಡ ಮಹದೇವ ಮದ್ದೂರು-ಮಳವಳ್ಳಿ ಓಡಾಡುವ ಖಾಸಗಿ ಬಸ್ಸಿನ ಡ್ರೈವರು. ನಾವಿರುವುದು ಊರಿನ ತಗ್ಗಿನ ಕಡೆಯ ವಾರ್ಡಿನಲ್ಲಿ. ಊರಿನ ಕಸವನ್ನೆಲ್ಲ ತಂದು ಸುರಿಯುವ ಜಾಗ ನಮ್ಮ ವಾರ್ಡಿಗೆ ಅಂಟಿಕೊಂಡೇ ಇತ್ತು. ಗಾಳಿ ನಮ್ಮ ಕಡೆ ತಿರುಗಿದ ದಿನ ಅನ್ನದ ಪಾತ್ರೆಯ ಮುಚ್ಚಳ ತೆಗೆಯಲು ಹೆದರಬೇಕಿತ್ತು. ನೊಣಗಳ ಕಾಟಕ್ಕೆ ಶಾಲೆಯ ಮಕ್ಕಳು ಒಂದು ಕೈ ಬೀಸುತ್ತಾ ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದರು.

ನಾನು ರಾಜಕೀಯಕ್ಕೆ ಬಂದದ್ದು ಪುಟ್ಟಸ್ವಾಮಣ್ಣನಿಂದ. ಅವರು ನಮ್ಮ ಊರಲ್ಲಿ ಪಕ್ಷದ ಅಧ್ಯಕ್ಷರು. ಕಬ್ಬಿನ ಗದ್ದೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಹರೆಯದಿಂದಲೂ ಪಕ್ಷ ಪಕ್ಷ ಎಂದು ತಿರುಗಿದವರು. ಟಿಕೆಟ್ ಕೇಳಿ ಕೇಳಿ ಒಮ್ಮೆಯೂ ಸಿಗದೆ ಕೊನೆಗೆ ಕೇಳುವುದನ್ನೇ ಬಿಟ್ಟವರು. ಪಕ್ಷದ ಬಾವುಟಗಳ ಅಂಚು ಹೊಲಿಸಲು ನನ್ನ ಅಂಗಡಿಗೆ ಬರುತ್ತಿದ್ದರು. ನಮ್ಮ ವಾರ್ಡು ಮಹಿಳಾ ಮೀಸಲಾದ ವರ್ಷ ಬಾವುಟದ ಗಂಟನ್ನು ಮೇಜಿನ ಮೇಲೆ ಇಡುತ್ತಲೇ, "ನೀನೇ ನಿಂತ್ಕೊಬುಡವ್ವ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

"ನಂಗೇನ್ ಗೊತ್ತಣ್ಣ ಅದೆಲ್ಲ?"

"ನಿಮ್ ವಾರ್ಡ್‌ಗೆ ಏನ್ ಬೇಕು ಅಂತ ಗೊತ್ತಾ?"

"ಕಸ ಅಲ್ಲಿಂದ ಎತ್ತುಸ್ಬೇಕು."

"ಅಷ್ಟ್ ಗೊತ್ತಿದ್ರೆ ಆಯ್ತು. ಮಿಕ್ಕಿದ್ದ ಪಕ್ಸ ನೋಡ್ಕತ್ತದೆ."

ಪಕ್ಷ ನಿಜಕ್ಕೂ ನೋಡಿಕೊಂಡಿತು. ಅದನ್ನು ನಾನು ಇಲ್ಲ ಅನ್ನಲಾರೆ. ನಾನು ಹೆಸರೂ ಕೇಳದ ಹಳ್ಳಿಗಳಿಂದ ಹುಡುಗರು ಬಂದು ನನಗಾಗಿ ಬೀದಿ ತಿರುಗಿದರು. ಮೈಕಿನ ಮುಂದೆ ಎಷ್ಟು ದೂರ ನಿಲ್ಲಬೇಕು, ಗಂಟಲು ಒಣಗಿದರೆ ಎಲ್ಲಿ ನಿಲ್ಲಿಸಿ ಉಸಿರೆಳೆದುಕೊಳ್ಳಬೇಕು ಎಂದು ಪುಟ್ಟಸ್ವಾಮಣ್ಣ ಹೇಳಿಕೊಟ್ಟರು. ಅದುವರೆಗೂ ನಮ್ಮ ಬೀದಿಯ ತುದಿಯ ಮನೆಗೆ ನಾನು ಯಾರೆಂದು ಗೊತ್ತಿರಲಿಲ್ಲ. ಕರಪತ್ರದಲ್ಲಿ ಪಕ್ಷದ ಗುರುತಿನ ಪಕ್ಕ ನನ್ನ ಮುಖ ಬಂದ ಮೇಲೆ "ಓ, ನಮ್ ಪಕ್ಸದ ಹೆಣ್ಮಗಳು" ಎಂದು ಕರೆದು ಕೂರಿಸಿದರು. ಕಸದ ಗುಡ್ಡೆಗೆ ತೀರಾ ಹತ್ತಿರದ ಮನೆಯ ಸಾಕಮ್ಮ ನನ್ನ ಕೈ ಹಿಡಿದುಕೊಂಡು, "ಆ ಗುಡ್ಡೆ ಎತ್ತುಸ್ತೀಯಾ ಸಸಿ? ಬೇರೇನೂ ಬ್ಯಾಡ ಕಣವ್ವ, ಅದೊಂದ್ ಎತ್ತುಸು" ಅಂದಳು. ಸಾಕಮ್ಮ ಸೊಪ್ಪು ಮಾರುವವಳು. ವಯಸ್ಸಾದವಳು, ಓದು ಬರದು, ಉಬ್ಬಸ ಬೇರೆ. ಎತ್ತಿಸುತ್ತೇನೆ ಎಂದೆ. ಗೆದ್ದೆ.

ಗೆದ್ದ ಮೇಲೆ ಒಂದು ವರ್ಷದಷ್ಟು ಕಾಲ ಪುರಸಭೆಗೆ ಅಧ್ಯಕ್ಷರೇ ಇರಲಿಲ್ಲ. ಮೀಸಲಾತಿ ಪಟ್ಟಿಯ ಮೇಲೆ ಯಾರೋ ಕೋರ್ಟಿಗೆ ಹೋಗಿದ್ದರು. ನಾನು ಕಚೇರಿಗೆ ಹೋದಾಗಲೆಲ್ಲ, "ಅಧ್ಯಕ್ಷರು ಬರ್ಲಿ ಮೇಡಂ" ಎನ್ನುತ್ತಿದ್ದರು. ಕಸಕ್ಕೆ ಊರಾಚೆ ಹೊಸ ಜಾಗ ಗೊತ್ತಾಗಿತ್ತು. ಅದು ಬರೀ ಕಾಗದದ ಮೇಲಿತ್ತು. ಆ ಜಾಗದ ಪಕ್ಕದಲ್ಲೇ ನಮ್ಮದೇ ಪಕ್ಷದ ಸದಸ್ಯ ನಾಗರಾಜ ಹೊಸ ಬಡಾವಣೆ ಮಾಡಿ ಸೈಟು ಹಾಕಿದ್ದ. ನಾಗರಾಜ ಕೆಟ್ಟವನೆಂದು ನಾನು ಹೇಳುವುದಿಲ್ಲ. ಸಾವಿನ ಮನೆಗೆ ಮೊದಲು ಬರುವವನು, ಆಸ್ಪತ್ರೆಗೆಂದರೆ ಕಾರು ಕಳಿಸುವವನು. ಆದರೆ ಕಸದ ಮಾತು ಬಂದರೆ ಮಾತ್ರ ಬೇರೆ ಕಡೆ ನೋಡುತ್ತಿದ್ದ. ಒಮ್ಮೆ ನೇರವಾಗಿ ಕೇಳಿದೆ. "ಅಕ್ಕ, ನನ್ ಸೈಟ್ ತಗೊಂಡವ್ರ ಮೂಗಿಗೆ ನಾನ್ ಏನ್ ಯೋಳ್ಲಿ?" ಅಂದ. ನಮ್ಮ ವಾರ್ಡಿನವರಿಗೂ ಮೂಗಿದೆಯಲ್ಲ ಎಂದೆ. ನಕ್ಕು ಹೊರಟುಹೋದ.

ಕೊನೆಗೆ ಆಷಾಢದಲ್ಲಿ ಅಧ್ಯಕ್ಷರ ಚುನಾವಣೆ ನಿಗದಿಯಾಯಿತು. ಪಕ್ಷ ನಾಗರಾಜನನ್ನೇ ನಿಲ್ಲಿಸಿತು. ಎದುರು ಪಕ್ಷದ ಅಭ್ಯರ್ಥಿಯೂ ಕಸದ ಬಗ್ಗೆ ತುಟಿ ಬಿಚ್ಚಿರಲಿಲ್ಲ. ನಮಗೂ ಅವರಿಗೂ ಇದ್ದ ಅಂತರ ತೀರಾ ಸಣ್ಣದು. ಒಬ್ಬಿಬ್ಬರು ಆಚೀಚೆ ಆದರೆ ಕಥೆಯೇ ಬದಲಾಗುತ್ತಿತ್ತು. ಅದಕ್ಕೇ ಒಂದು ಬೆಳಿಗ್ಗೆ ಪುಟ್ಟಸ್ವಾಮಣ್ಣ ಮನೆಗೆ ಬಂದು, "ದೇವಸ್ಥಾನಕ್ಕೆ ಓಗ್ಬರವಾ ಬಾ, ಎಲ್ಲ ಸದಸ್ಯರೂ ಬತ್ತಾವ್ರೆ. ಒಂದ್ ಜೊತೆ ಬಟ್ಟೆ ಇಟ್ಕೊ" ಅಂದರು. ತುಂತುರು ಬೀಳುತ್ತಿತ್ತು, ಗಾಳಿ ಜೋರಾಗಿತ್ತು. ಹೊಲಿಯಲು ಕತ್ತರಿಸಿಟ್ಟ ರವಿಕೆ ಬಟ್ಟೆಯನ್ನು ಹಾಗೇ ಮಿಷನ್ ಮೇಲೆ ಬಿಟ್ಟು ಹೊರಟೆ. ಬಾಗಿಲಲ್ಲಿ ಅತ್ತೆ ನಗೆಯಾಡಿದರು. "ಹೊಸ ಸೊಸೆಗೋಳು ಆಸಾಡಕ್ಕೆ ತವರಿಗೆ ಓಯ್ತಾರೆ. ನೀನು ಈ ವಯಸ್ನಲ್ಲಿ ಎಲ್ಗೋಯ್ತೀಯಮ್ಮ?"

ದೇವಸ್ಥಾನಕ್ಕೆ ಹೋದೆವು, ಕೈ ಮುಗಿದೆವು. ಅಲ್ಲಿಂದ ವಾಪಸು ಬರಲಿಲ್ಲ. ವ್ಯಾನು ಬೆಂಗಳೂರು ಕಡೆ ಹೊರಟಿತು. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ಇಳಿಸಿ ಬೇರೆ ಬಸ್ಸಿಗೆ ಹತ್ತಿಸಿದರು. ಬಸ್ಸು ಕನಕಪುರದ ಕಡೆಯಿಂದ ಸುತ್ತಿಕೊಂಡು ಎಲ್ಲೆಲ್ಲೋ ಹೋಗಿ ಕೊನೆಗೆ ನಿಂತಾಗ, ಕಿಟಕಿಯಿಂದ ಕಂಡ ಮೈಲಿಗಲ್ಲಿನ ಮೇಲೆ ಮಳವಳ್ಳಿ ಎಂದಿತ್ತು. ನನ್ನ ಗಂಡ ದಿನವೂ ಬಸ್ಸು ತಿರುಗಿಸುವ ಊರು! ಹಿಂಬಾಲಿಸಿದವರ ಕಣ್ಣು ತಪ್ಪಿಸಲು ಅಷ್ಟು ಸುತ್ತಿಸಿದ್ದರು. ಗೇಟಿನಲ್ಲಿ ಒಬ್ಬ ಹುಡುಗ ಪ್ಲಾಸ್ಟಿಕ್ ಬುಟ್ಟಿ ಹಿಡಿದು ನಿಂತಿದ್ದ. ಎಲ್ಲರೂ ಮೊಬೈಲು ಅದರಲ್ಲಿ ಹಾಕಿದೆವು. ಹಿಂದೆ ಗೇಟು ಮುಚ್ಚಿತು.

ನನಗೆ ಕೋಣೆಯ ಜೊತೆಗಾತಿ ಮೆಹರುನ್ನೀಸಾ. ಅವಳೂ ನಮ್ಮ ಪಕ್ಷದ ಸದಸ್ಯೆ, ಇದು ಎರಡನೇ ಸಲ ಗೆದ್ದವಳು. ಬಂದವಳೇ ದಿಂಬು ಸರಿಮಾಡಿಕೊಂಡು ಕಾಲು ಚಾಚಿದಳು. "ಮಲಿಕ್ಕೊ ಸಸಿ. ಮನೇಲಿ ಯಾರ್ ಮಲುಗಿಸ್ತಾರೆ ನಮ್ಮನ್ನ?" ಮೊದಲ ದಿನ ನನಗೂ ಹಾಗೇ ಅನ್ನಿಸಿತು. ತಿಂಡಿ ತಟ್ಟೆಗೆ ಬರುತ್ತಿತ್ತು. ಗಂಡಸರು ಈಜುಕೊಳಕ್ಕೆ ಬಿದ್ದು ಎಮ್ಮೆಗಳ ಹಾಗೆ ಆಡುತ್ತಿದ್ದರು. ಎರಡನೇ ದಿನಕ್ಕೆ ಕೈ ತುರಿಸಲು ಶುರುವಾಯಿತು. ಸೂಜಿ ಇಲ್ಲ, ದಾರ ಇಲ್ಲ. ಕೋಣೆಯ ಪರದೆಯ ಅಂಚು ಬಿಚ್ಚಿಕೊಂಡಿತ್ತು. ಅದನ್ನು ನೋಡಿ ನೋಡಿ ಸಾಕಾಯಿತು. ಮೂರು ಹೊತ್ತೂ ಮೈದಾ ರೊಟ್ಟಿ, ಪನ್ನೀರು. ಹಿಡಿ ಮುದ್ದೆ ಸಿಕ್ಕಿದ್ದರೆ ಸಾಕಿತ್ತು. ಗೇಟಿನವರೆಗೆ ನಡೆದರೆ ಕಾವಲಿನವನು ಎದ್ದು ನಿಂತು, "ವಾಪಸ್ ಓಗಿ ಮೇಡಂ" ಎನ್ನುತ್ತಿದ್ದ. ಮರ್ಯಾದೆಯಿಂದಲೇ ಹೇಳುತ್ತಿದ್ದ. ಕಾಂಪೌಂಡಿನ ಆಚೆ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅದು ನನ್ನ ಗಂಡನದಿರಬಹುದೇ ಎಂದು ಕಿವಿ ನೆಟ್ಟಗಾಗುತ್ತಿತ್ತು. ಎಲ್ಲ ಕಡೆಯೂ ಆ ಕ್ಲೋರಿನ್ ವಾಸನೆ. ಟವೆಲಿನಲ್ಲೂ, ದಿಂಬಿನಲ್ಲೂ, ಕುಡಿಯುವ ನೀರಿನಲ್ಲೂ ಇದ್ದಂತೆ ಅನ್ನಿಸುತ್ತಿತ್ತು.

ಮನೆಗೆ ಫೋನು ಮಾಡಲು ದಿನಕ್ಕೊಮ್ಮೆ ಬಿಡುತ್ತಿದ್ದರು. ಪುಟ್ಟಸ್ವಾಮಣ್ಣನ ಎದುರು, ಸ್ಪೀಕರ್ ಹಾಕಿ. ಒಂದು ದಿನ ಗಂಡ ಹೇಳಿದ, "ಬಾಗ್ಲಿಗೆ ಯಾವ್ದೋ ನೋಟೀಸ್ ಅಂಟ್ಸಿ ಓಗವ್ರೆ. ಅವ್ವ ಮನೆ ಜಪ್ತಿ ಮಾಡಕ್ ಬಂದವ್ರೆ ಅಂತ ಅಳ್ತಾ ಕುಂತವ್ಳೆ." ಪುಟ್ಟಸ್ವಾಮಣ್ಣ ಪಕ್ಕದಿಂದಲೇ, "ಅದು ವಿಪ್ಪು ಕಣಪ್ಪ ಮಾದೇವ, ಯೆದ್ರುಕೋಬ್ಯಾಡ್ರಿ. ಪಕ್ಸದ ಆದೇಶ. ಎಲ್ರ ಮನೆಗೂ ಅಂಟ್ಸವ್ರೆ" ಅಂದರು. ಅದೇ ಸಂಜೆ ನಮ್ಮನ್ನೆಲ್ಲ ಊಟದ ಹಾಲಿನಲ್ಲಿ ಕೂರಿಸಿ ವಿಪ್ ಓದಿದರು. ಪಕ್ಷದ ಅಭ್ಯರ್ಥಿಗೇ ಕೈ ಎತ್ತತಕ್ಕದ್ದು. ಎದುರಿನವರಿಗೆ ಎತ್ತಿದರೂ, ಎತ್ತದೆ ಕುಳಿತರೂ, ಸಭೆಗೆ ಬಾರದೆ ಹೋದರೂ ಸದಸ್ಯತ್ವ ಹೋಗತಕ್ಕದ್ದು. ಒಬ್ಬೊಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ತೆಗೆದುಕೊಂಡೆವು. ನನ್ನ ಕೈಗೆ ಕೊಡುವಾಗ ಪುಟ್ಟಸ್ವಾಮಣ್ಣ ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ಫೋನಿನಲ್ಲಿ ಗಂಡನ ದನಿ ಬೇರೆ ಇತ್ತು. ಕಸದ ಗುಡ್ಡೆಗೆ ಬೆಂಕಿ ಬಿದ್ದಿತ್ತು. ಮೇಲೆ ತುಂತುರು, ಒಳಗೆ ಬೆಂಕಿ. ಉರಿಯುತ್ತಲೂ ಇರಲಿಲ್ಲ, ಆರುತ್ತಲೂ ಇರಲಿಲ್ಲ. ಆಷಾಢದ ಗಾಳಿ ಆ ಹೊಗೆಯನ್ನು ನೇರವಾಗಿ ನಮ್ಮ ಬೀದಿಗಳಿಗೆ ನುಗ್ಗಿಸುತ್ತಿತ್ತು. ಶಾಲೆಗೆ ರಜೆ ಕೊಟ್ಟಿದ್ದರು. ಅವನ ಪಕ್ಕದಲ್ಲಿದ್ದ ಸಾಕಮ್ಮ ಫೋನು ಕಿತ್ತುಕೊಂಡಳು.

"ಸಸೀ, ಎಲ್ಲಿದ್ದೀಯವ್ವ? ಕಣ್ ಬುಡಕಾಯ್ತಿಲ್ಲ ಕಣೇ. ಉಸ್ರು ಕಟ್ಕತ್ತೈತೆ. ಎಲ್ರೂ ಕೇಳ್ತಾವ್ರೆ, ನಮ್ ಮೆಂಬ್ರು ಎಲ್ಲಿ, ನಮ್ ಮೆಂಬ್ರು ಎಲ್ಲಿ ಅಂತ. ಬೇಗ್ ಬಾರವ್ವ."

ಮಾತಿನ ನಡುವೆ ಕೆಮ್ಮು. ಆಮೇಲೆ ಬರೀ ಕೆಮ್ಮು. ಪುಟ್ಟಸ್ವಾಮಣ್ಣ ಮೆಲ್ಲಗೆ ಫೋನು ಆರಿಸಿದರು.

"ಅಣ್ಣ, ನಾನ್ ಓಗ್ಬೇಕು. ಒಂದ್ ಗಂಟೆ ಬುಡಿ. ನೋಡ್ಕೊಂಡ್ ಬಂದ್ಬುಡ್ತೀನಿ."

"ಓಗಿ ನೀನ್ ಬೆಂಕಿ ಆರುಸ್ತೀಯಾ? ಫೈರ್ ಇಂಜಿನ್‌ಗೆ ನಾನು ಯೋಳಿದೀನಿ, ಓಗೈತೆ."

"ನಾನ್ ಅಲ್ಲಿರ್ಬೇಕಲ್ವಾ ಅಣ್ಣ? ನಾನ್ ಅವ್ರ ಸದಸ್ಯೆ."

"ಗೇಟ್ ದಾಟುದ್ರೆ ಆ ಪಕ್ಸದವ್ರು ಕಾರ್ ಇಟ್ಕೊಂಡ್ ಕಾಯ್ತಾವ್ರೆ."

"ನನ್ನ ಯಾರೂ ಕೊಂಡ್ಕೊಳಕಾಗಲ್ಲ."

"ನಿನ್ ವಿಸ್ಯ ನಂಗ್ ಗೊತ್ತಿಲ್ವಾ ತಾಯಿ? ಆದ್ರೆ ಒಬ್ಬುರ್ಗೆ ಗೇಟ್ ತಗುದ್ರೆ ಎಲ್ರುಗೂ ತಗೀಬೇಕು. ಎಲ್ರೂ ನಿನ್ನಂಗಿಲ್ಲ."

ನಾವು ಈಜುಕೊಳದ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಮಳೆಯ ಹನಿ ನೀಲಿ ನೀರಿನ ಮೇಲೆ ಬೀಳುತ್ತಿತ್ತು. ಹೇಳಬೇಕಾದ್ದನ್ನೆಲ್ಲ ಅವತ್ತೇ ಹೇಳಿಬಿಟ್ಟೆ. ನಾಗರಾಜ ಅಧ್ಯಕ್ಷನಾದರೆ ಕಸ ಎತ್ತುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಅಂಥವನಿಗೆ ನಾನು ಹೇಗೆ ಕೈ ಎತ್ತಲಿ ಎಂದೆ. ಕೈ ಎತ್ತುವ ಮೊದಲು ಇಲ್ಲೇ ಎಲ್ಲರೂ ಕುಳಿತು ಅದನ್ನು ಮಾತಾಡೋಣ, ನಾಗರಾಜ ಎಲ್ಲರೆದುರು ಎತ್ತಿಸುತ್ತೇನೆ ಅನ್ನಲಿ, ಆಮೇಲೆ ನನ್ನ ಎರಡೂ ಕೈ ಎತ್ತುತ್ತೇನೆ ಎಂದೆ.

ಅವರು ಹೇಳಿದರು, "ಈಗ ಆ ಮಾತ್ ಎತ್ತುದ್ರೆ ಇನ್ನೊಬ್ಬ ಅವನ್ ವಾರ್ಡ್‌ದು ಎತ್ತಾನೆ, ಮತ್ತೊಬ್ಬ ಗುತ್ಗೆ ಕೇಳ್ತಾನೆ. ಸಂತೆ ಆಯ್ತದೆ. ಮೊದ್ಲು ಅಧಿಕಾರ ಬರ್ಲಿ, ಆಮೇಲ್ ಮಾತು."

"ಆಮೇಲ್ ನನ್ ಮಾತ್ ಯಾರ್ ಕೇಳ್ತಾರೆ?"

"ನೋಡವ್ವ. ಪಕ್ಸ ಅನ್ನೋದ್ ಇಲ್ದೆ ಓದ್ರೆ ನಾವೆಲ್ಲ ಒಬ್ಬೊಬ್ರು ಒಂದೊಂದ್ ಅಂಗ್ಡಿ ಇಟ್ಕೊಂಡಂಗೆ. ಗೆದ್ದವ್ನು ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ. ಜನ ಯಾರನ್ ನಂಬ್ತಾರೆ? ಅವ್ರು ಗುರ್ತು ನೋಡಿ ಓಟ್ ಆಕ್ತಾರೆ. ಆ ಗುರ್ತಿಗೆ ನಾವು ಮೋಸ ಮಾಡಬಾರ್ದು."

"ನಂಗೆ ಗುರ್ತಿಗೆ ಆಕುದ್ರೋ, ಕಸ ಎತ್ತುಸ್ತೀನಿ ಅಂದಿದ್ದಕ್ಕೆ ಆಕುದ್ರೋ?"

"ಎರಡ್ಕೂ. ಎರಡ್ನೂ ಬೇರೆ ಮಾಡಕಾಗಲ್ಲ ಕಣವ್ವ. ಅದೇ ತೊಂದ್ರೆ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಟ್ಟಿಹಾಕಿತು. ಬೈಯುವವರಾಗಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ರಾಜೀನಾಮೆ ಕೊಟ್ಟುಬಿಡಲೇ ಎಂದು ಕೋಣೆಯಲ್ಲಿ ಮೆಹರುನ್ನೀಸಾಳನ್ನು ಕೇಳಿದೆ. ಅವಳು ಎದ್ದು ಕುಳಿತಳು.

"ಈಗ್ ರಾಜೀನಾಮೆ ಕೊಟ್ರೆ ಆ ಕಡೆಯವ್ರತ್ರ ದುಡ್ ತಿಂದವ್ಳೆ ಅಂತಾರೆ. ಕೈ ಎತ್ತುದ್ರೆ ವಾರ್ಡಿನವ್ರು ಬೈತಾರೆ. ಎತ್ತುದೆ ಇದ್ರೆ ಮೆಂಬರ್‌ಗಿರಿನೂ ಓಯ್ತದೆ, ತಿಂದವ್ಳೆ ಅನ್ನೋ ಮಾತೂ ಬತ್ತದೆ. ನನ್ ಮಾತ್ ಕೇಳು. ಇವತ್ತು ಎತ್ತು, ನಾಳೆಯಿಂದ ಜಗಳ ಆಡು. ಒಳಗಿದ್ರೆ ತಾನೇ ಜಗಳ ಆಡದು? ನಾನ್ ಅಂಗೇ ಮಾಡಿ ಮಾಡಿ ನಮ್ ವಾರ್ಡ್‌ಗೆ ಬೋರ್‌ವೆಲ್ ಆಕ್ಸುದ್ದು."

ಅವಳು ಹೇಳಿದ್ದೂ ಸರಿಯಿತ್ತು. ಯಾವ ಬಾಗಿಲು ತಳ್ಳಿದರೂ ಅದರ ಹಿಂದೆ ಒಂದು ಗೋಡೆ. ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಚುನಾವಣೆಯ ದಿನ ನಮ್ಮನ್ನು ದೊಡ್ಡ ಎ.ಸಿ. ಬಸ್ಸಿನಲ್ಲಿ ಹೊರಡಿಸಿದರು. ಕಿಟಕಿಗಳೆಲ್ಲ ಒಂದೇ ಗಾಜು, ತೆರೆಯಲು ಬರದು. ಕಬ್ಬು ಅರೆಯುವ ಕಾಲ ಶುರುವಾಗಿತ್ತು. ಕಾರ್ಖಾನೆಯ ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ದಾರಿ ಕಟ್ಟಿದ್ದವು. ನಮ್ಮ ಬಸ್ಸು ನಿಂತಿತು. ಎದುರಿನಿಂದ ಒಂದು ಖಾಸಗಿ ಬಸ್ಸು ಸಂದಿಯಲ್ಲಿ ನುಸುಳಿ ಬಂದು ಸರಿಯಾಗಿ ನನ್ನ ಪಕ್ಕದಲ್ಲೇ ಸಿಕ್ಕಿಕೊಂಡಿತು. ಸ್ಟೇರಿಂಗ್ ಹಿಡಿದವನು ನನ್ನ ಗಂಡ.

ಅವನು ಮೊದಲು ನನ್ನನ್ನು ಗುರುತಿಸಲಿಲ್ಲ. ನಾನು ಗಾಜು ಬಡಿದೆ. ತಿರುಗಿದ. ಕಣ್ಣುಗಳು ಹೊಗೆಗೆ ಕೆಂಪಾಗಿದ್ದವು. ಏನೋ ಕೂಗಿದ, ತುಟಿ ಆಡಿದ್ದು ಕಂಡಿತೇ ಹೊರತು ಮಾತು ಕೇಳಲಿಲ್ಲ. ನಾನು, "ಅತ್ತೆ ಎಂಗವ್ರೆ? ಸಾಕಮ್ಮ ಎಂಗವ್ಳೆ?" ಎಂದು ಕೂಗಿದೆ. ಅವನು ಕಿವಿಯ ಹತ್ತಿರ ಕೈ ಇಟ್ಟುಕೊಂಡು ತಲೆಯಾಡಿಸಿದ. ಆಮೇಲೆ ಕೈಯನ್ನು ಎದೆಗೆ ತಂದು ಕೆಮ್ಮುವಂತೆ ಮಾಡಿ ತೋರಿಸಿ, ಆಸ್ಪತ್ರೆಯ ಕಡೆ ಬೆರಳು ಮಾಡಿದ. ಯಾರು ಎಂದು ತಿಳಿಯುವ ಮೊದಲೇ ಹಿಂದಿನ ಗಾಡಿಗಳು ಹಾರನ್ ಹೊಡೆದವು. ಅವನ ಬಸ್ಸು ಮುಂದೆ ಹೋಯಿತು. ನಾನು ಎದ್ದು ಬಾಗಿಲ ಹತ್ತಿರ ಹೋದೆ. "ಇಳಿಯಂಗಿಲ್ಲ ಮೇಡಂ" ಎಂದ ಬಾಗಿಲು ಕಾಯುತ್ತಿದ್ದ ಹುಡುಗ, ಗೇಟಿನ ಕಾವಲಿನವನ ಅದೇ ಮರ್ಯಾದೆಯಲ್ಲಿ. ಹಿಂದಿನಿಂದ ಪುಟ್ಟಸ್ವಾಮಣ್ಣ, "ಬಂದ್ ಕೂತ್ಕೊ ಸಸಿಕಲಾ. ಇನ್ನೇನ್ ಊರು ಬಂತು" ಅಂದರು. ಕೂತುಕೊಂಡೆ. ಆ ಸೀಟಿನಲ್ಲೇ ನನ್ನೊಳಗೆ ಏನೋ ತೀರ್ಮಾನವಾಗಿಹೋಯಿತು. ಧೈರ್ಯ ಬಂದು ಆದದ್ದಲ್ಲ. ಸಾಕಾಗಿ ಆದದ್ದು.

ಪುರಸಭೆಯ ಸಭಾಂಗಣದ ಬಾಗಿಲಲ್ಲಿ ಪೊಲೀಸರಿದ್ದರು. ಪುಟ್ಟಸ್ವಾಮಣ್ಣ ಸದಸ್ಯರಲ್ಲದ ಕಾರಣ ಹೊರಗೇ ಉಳಿದರು. ಒಳಗೆ ಫ್ಯಾನು ತಿರುಗುತ್ತಿದ್ದರೂ ನಮ್ಮ ವಾರ್ಡಿನ ಹೊಗೆಯ ವಾಸನೆ ಅಲ್ಲಿಗೂ ಬಂದಿತ್ತು. ಕೆಲವರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ನಾನು ಎದ್ದು ನಿಂತು ಚುನಾವಣಾಧಿಕಾರಿಯನ್ನು, "ಸಾರ್, ಒಂದು ಮಾತು ಹೇಳ್ಬೇಕು" ಎಂದು ಕೇಳಿದೆ.

"ಇವತ್ತಿನ ಸಭೆಯಲ್ಲಿ ಮಾತಿಗೆ ಅವಕಾಶ ಇಲ್ಲಮ್ಮ. ಕೈ ಎತ್ತೋದಷ್ಟೇ."

ನಾಗರಾಜನ ಹೆಸರು ಹೇಳಿ ಪರವಾಗಿರುವವರು ಕೈ ಎತ್ತಿ ಎಂದರು. ನನ್ನ ಎಡಕ್ಕೆ ಮೆಹರುನ್ನೀಸಾಳ ಕೈ ಮೇಲೆದ್ದಿತು. ಇನ್ನೊಂದು ಕೈಯಿಂದ ಅವಳು ಮೇಜಿನ ಕೆಳಗೆ ನನ್ನ ಮೊಣಕೈ ಹಿಡಿದು ಮೇಲಕ್ಕೆ ಒತ್ತಿದಳು. ನಾನು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಎದುರಿನವನ ಹೆಸರು ಹೇಳಿದಾಗಲೂ ಅಲ್ಲೇ ಇದ್ದವು. ಎಣಿಸಿದರು. ನಾಗರಾಜ ಹೇಗೋ ಗೆದ್ದ. ಹೊರಗೆ ಪಟಾಕಿ ಸಿಡಿಯಿತು. ನನ್ನ ಹತ್ತಿರ ಬಂದು ನಾಗರಾಜ, "ಯಾಕಕ್ಕ ಇಂಗ್ ಮಾಡ್ಬುಟ್ಟೆ? ನಿನ್ ವಿಸ್ಯ ಕೂತ್ ಮಾತಾಡ್ಬೋದಿತ್ತು" ಅಂದ. ಇಷ್ಟು ದಿನ ಕೂತೇ ಇದ್ದೆವಲ್ಲ ಎಂದೆ.

ಆಸ್ಪತ್ರೆಯಲ್ಲಿದ್ದವಳು ಸಾಕಮ್ಮ. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಮೆಲ್ಲಗೆ ಚೇತರಿಸಿಕೊಂಡಳು. ಆದರೆ ವಾರ್ಡಿನಲ್ಲಿ ಮೆಹರುನ್ನೀಸಾ ಹೇಳಿದಂತೆಯೇ ಆಯಿತು. ಬೆಂಕಿ ಬಿದ್ದಾಗ ರೆಸಾರ್ಟಿನಲ್ಲಿ ಈಜಾಡುತ್ತಿದ್ದಳು ಎಂದು ಕೆಲವರು, ಆ ಕಡೆಯವರಿಂದ ದುಡ್ಡು ತೆಗೆದುಕೊಂಡು ಕೈ ಎತ್ತಲಿಲ್ಲ ಎಂದು ಕೆಲವರು. ಎರಡೂ ಮಾತನ್ನು ಒಬ್ಬರೇ ಹೇಳಿದ್ದನ್ನೂ ಕೇಳಿದೆ. ಅಂಗಡಿಗೆ ಬರುವವರು ಕಡಿಮೆಯಾದರು. ಬಂದವರು ಅಳತೆ ಕೊಟ್ಟು ಬೇಗ ಹೊರಡುತ್ತಿದ್ದರು.

ಪಕ್ಷ ದೂರು ಕೊಟ್ಟಿತು. ವಿಚಾರಣೆಗೆ ಮಂಡ್ಯದ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕಾಯಿತು. ವಿಪ್ ಕೊಟ್ಟದ್ದಕ್ಕೆ ಸಾಕ್ಷಿ ಪುಟ್ಟಸ್ವಾಮಣ್ಣನೇ. ಕಚೇರಿಯ ಮೆಟ್ಟಿಲ ಮೇಲೆ ಸಿಕ್ಕರು. ತೆಳ್ಳಗಾಗಿದ್ದರು.

"ನಾನ್ ಕೊಟ್ಟಿದ್ ನಿಜ, ನೀನ್ ತಗೊಂಡಿದ್ ನಿಜ. ಸುಳ್ ಯೋಳಕಾಗಲ್ಲ ಕಣವ್ವ."

"ಯೋಳ್ಬೇಡಿ ಅಣ್ಣ. ಇದ್ದಿದ್ನೇ ಯೋಳಿ."

ವಾಪಸು ಮದ್ದೂರಿಗೆ ಒಂದೇ ಬಸ್ಸಿನಲ್ಲಿ ಬಂದೆವು, ಬೇರೆ ಬೇರೆ ಸೀಟಿನಲ್ಲಿ. ಮದ್ದೂರಿನಲ್ಲಿ ಇಳಿದ ಮೇಲೆ ಅವರು ಬಿಸಿ ವಡೆಯ ಪೊಟ್ಟಣ ತಂದು ನನ್ನ ಕೈಗಿಟ್ಟು, "ಮಾದೇವನ್ ತಾಯಿಗ್ ಕೊಡು" ಎಂದು ಹೇಳಿ ಹೋದರು. ನನ್ನ ಸದಸ್ಯತ್ವ ಹೋಯಿತು.

ಚಳಿಗಾಲದಲ್ಲಿ ಉಪಚುನಾವಣೆ ಬಂತು. ನಾನು ಪಕ್ಷೇತರಳಾಗಿ ನಿಂತೆ. ಹೊಲಿಗೆ ಮಿಷನ್ ಗುರುತು ಕೇಳಿದ್ದೆ. ಇನ್ನೊಬ್ಬರೂ ಕೇಳಿದ್ದರಿಂದ ಚೀಟಿ ಎತ್ತಿದರು, ಅದು ಅವರಿಗೆ ಹೋಯಿತು. ನನಗೆ ಸಿಕ್ಕಿದ್ದು ಕ್ರಿಕೆಟ್ ಬ್ಯಾಟು. ಸೀರೆ ಉಟ್ಟು ಬ್ಯಾಟು ಹಿಡಿದು ಮಂಜಿನಲ್ಲಿ ಮನೆ ಮನೆ ತಿರುಗಿದೆ. ಜೊತೆಗೆ ಗಂಡ, ಅವನ ಬಸ್ಸಿನ ಕಂಡಕ್ಟರು, ಅಷ್ಟೇ. ಹೋದ ಸಲ ಮೈಕು ಎಲ್ಲಿಂದ ಬರುತ್ತದೆ, ಬೂತಿನಲ್ಲಿ ಯಾರು ಕೂರುತ್ತಾರೆ, ಓಡಾಡಲಾಗದ ಮುದುಕರನ್ನು ಯಾರು ಕರೆತರುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಒಂದು ಪಕ್ಷ ಎಷ್ಟು ಕೈಗಳಿಂದ ಆಗಿದೆ ಎಂಬುದು ಒಬ್ಬಳೇ ಆದ ಮೇಲೆ ಗೊತ್ತಾಯಿತು. ಮೆಹರುನ್ನೀಸಾ ಬಹಿರಂಗವಾಗಿ ಬರುವಂತಿರಲಿಲ್ಲ. ರವಿಕೆ ಬಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದು, ಅಳತೆ ಕೊಡುತ್ತಾ ಯಾವ ಬೀದಿ ನನ್ನ ಕಡೆ ಇದೆ, ಯಾವುದು ಇಲ್ಲ ಎಂದು ಪಿಸುಗುಟ್ಟಿ ಹೋಗುತ್ತಿದ್ದಳು. ಆ ತಿಂಗಳು ಅವಳು ಬೇಡದ ರವಿಕೆಗಳನ್ನೆಲ್ಲ ಹೊಲಿಸಿಕೊಂಡಳು.

ಪಕ್ಷ ಭಾಗ್ಯ ಎಂಬ ಓದಿದ ಹುಡುಗಿಯನ್ನು ನಿಲ್ಲಿಸಿತು. ಅವರ ಕರಪತ್ರ ನಮ್ಮ ಬಾಗಿಲಿಗೂ ಬಂತು. ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ, ಕಸ ವಿಲೇವಾರಿ ಜಾಗವನ್ನು ಸ್ಥಳಾಂತರ ಮಾಡಿಸುತ್ತೇವೆ ಎಂದಿತ್ತು. ಗಂಡ ಅದನ್ನು ಓದಿ ನಕ್ಕ. "ನಿನ್ ಮಾತೇ ಅಲ್ವಾ ಇದು?" ನನಗೆ ನಗು ಬರಲಿಲ್ಲ. ನಾನು ರೆಸಾರ್ಟಿನಲ್ಲಿ ಯಾವ ಒಂದು ಮಾತಿಗಾಗಿ ಬೇಡಿದ್ದೆನೋ ಅದು ಈಗ ನನ್ನನ್ನು ಸೋಲಿಸಲು ಬಂದಿತ್ತು. ಬೇಡ ಎನ್ನಲೂ ಆಗದು, ಹೌದು ಎಂದು ಓಟು ಬಿಟ್ಟುಕೊಡಲೂ ಆಗದು.

ಸೋತೆ. ಅಂತರ ಒಂದು ಬೀದಿಯ ಓಟಿನಷ್ಟೂ ಇರಲಿಲ್ಲ. ಅಷ್ಟು ಹತ್ತಿರ ಬಂದದ್ದೇ ಪಕ್ಷದವರನ್ನು ಹೆದರಿಸಿತಂತೆ. ಪುಟ್ಟಸ್ವಾಮಣ್ಣ ಮೇಲಿನವರ ಮನೆಯ ಜಗಲಿಯಲ್ಲಿ ಹೋಗಿ ಕುಳಿತು, "ಆ ಗುಡ್ಡೆ ಎತ್ತುದೆ ಓದ್ರೆ ಮುಂದಿನ್ ಸಲ ಆ ವಾರ್ಡ್ ನಮ್ದಲ್ಲ. ಅದ್ರ ಜೊತೆ ಪಕ್ಕದ್ವೂ ಓಯ್ತವೆ" ಎಂದು ಹಟ ಹಿಡಿದರೆಂದು ಮೆಹರುನ್ನೀಸಾ ಹೇಳಿದಳು. ನಾಗರಾಜ ಬಗ್ಗಲೇಬೇಕಾಯಿತು. ಹೊಸ ಜಾಗದ ಸುತ್ತ ಎತ್ತರದ ಗೋಡೆ ಕಟ್ಟಿಸುತ್ತೇವೆಂದು ಅವನ ಸೈಟಿನವರಿಗೂ ಮಾತು ಕೊಟ್ಟರು. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಜೆಸಿಬಿ ಬಂತು, ಲಾರಿಗಳು ಬಂದವು.

ಮೊದಲ ಲಾರಿ ಹೊರಡುವ ದಿನ ಶಾಮಿಯಾನ ಹಾಕಿದ್ದರು. ಭಾಗ್ಯ ಹಸಿರು ಬಾವುಟ ಬೀಸಿದಳು. ನಾಗರಾಜ ಭಾಷಣ ಮಾಡಿದ. ವೇದಿಕೆಯ ಪಕ್ಕ ನಿಂತಿದ್ದ ಪುಟ್ಟಸ್ವಾಮಣ್ಣ ಜನರ ನಡುವೆ ನನ್ನನ್ನು ಹುಡುಕಿ ಕಂಡುಕೊಂಡರು. ಕೈ ಮುಗಿಯಲಿಲ್ಲ, ನಗಲಿಲ್ಲ. ಸುಮ್ಮನೆ ನೋಡಿ ತಲೆಬಾಗಿಸಿದರು.

ನಾನು ಹಿಂದೆ ಬೇಲಿಯ ಹತ್ತಿರ ನಿಂತಿದ್ದೆ. ಸಾಕಮ್ಮ ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಜನರನ್ನು ತಳ್ಳುತ್ತಾ ಬಂದಳು. ಮುಖವೆಲ್ಲ ಬೆವರು, ಮುಖವೆಲ್ಲ ನಗು.

"ನೋಡ್ದಾ ಸಸಿ? ಓಯ್ತಾ ಐತೆ! ನೀನ್ ಎತ್ತುಸ್ತೀನಿ ಅಂದಿದ್ದೆ, ಎತ್ತುಸ್ಬುಟ್ಟೆ."

"ನಾನೆಲ್ಲಿ ಎತ್ತುಸ್ದೆ ಸಾಕಮ್ಮಕ್ಕ? ನಾನ್ ಸೋತ್ನಲ್ಲ."

"ಯಾರಂದೋರು ಸೋತೆ ಅಂತ?" ಅವಳಿಗೆ ಸಿಟ್ಟೇ ಬಂತು. ನನ್ನ ಕಿವಿಯ ಹತ್ತಿರ ಬಾಗಿ, ದೊಡ್ಡ ಗುಟ್ಟು ಹೇಳುವವಳಂತೆ ದನಿ ಇಳಿಸಿದಳು. "ಓಟಿನ್ ದಿನ ನಂಗೆ ಏನೇನೋ ಯೋಳುದ್ರು. ಬ್ಯಾಟು ಅಂದ್ರು, ಮಿಸನ್ನು ಅಂದ್ರು. ನಾನ್ ಯಾರ್ ಮಾತೂ ಕೇಳ್ಲಿಲ್ಲ ಕಣವ್ವ. ಓದ್ಸಲ ನಿಂಗೆ ಯಾವ್ ಗುರ್ತಿಗ್ ಒತ್ತಿದ್ನೋ ಅದೇ ಗುರ್ತುನ್ನ ಉಡುಕಿ ಒತ್ ಬಂದೆ. ನಮ್ ಬೀದಿ ಮುದ್ಕೀರ್ಗೆಲ್ಲ ಯೋಳ್ದೆ, ಸಸಿ ಗುರ್ತು ಅದೇಯ, ಮರೀಬ್ಯಾಡ್ರಿ ಅಂತ."

ಲಾರಿಯ ಧೂಳು ನಮ್ಮ ಮೇಲೆ ಬಂತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಒಳ್ಳೇದ್ ಮಾಡ್ದೆ ಕಣಕ್ಕ" ಎಂದೆ. ಅವಳು ಬುಟ್ಟಿಯಿಂದ ಒಂದು ಕಟ್ಟು ದಂಟಿನ ಸೊಪ್ಪು ತೆಗೆದು ನನ್ನ ಕೈಗೆ ಹಾಕಿ, ಎರಡನೇ ಲಾರಿ ನೋಡಲು ಮುಂದಕ್ಕೆ ಹೋದಳು.